ಬೆಣ್ಣೆಯ ಬಣ್ಣದ ಬೆಂಕಿ

ಕಮಲಾಪುರ
ಮೇ 26, 2025

ಅಪ್ಪನಿಗೆ ಭುವನೇಶ್ವರಿಯ ನಮಸ್ಕಾರಗಳು.

ನೀವು ಇಟ್ಟಿಗೆ ಭಟ್ಟಿ ಹೊತ್ತಿಸುವ ಮೊದಲೇ ಸೇರಲಿ ಎಂದು ಈ ಕಾಗದವನ್ನು ಬಾಳೆಹಣ್ಣಿನ ಟೆಂಪೋದ ರಾಮಣ್ಣನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಪೋಸ್ಟಿಗೆ ಹಾಕಿದರೆ ಕಪನೂರಕ್ಕೆ ಬರುವಷ್ಟರಲ್ಲಿ ಬೆಂಕಿ ಹತ್ತಿರುತ್ತದೆ. ಬೆಂಕಿ ಹತ್ತಿದ ಮೇಲೆ ನೀವು ಫೋನನ್ನು ಟ್ರಂಕಿನಲ್ಲಿಡುತ್ತೀರಿ, ಯಾರ ಕಾಗದವನ್ನೂ ಒಡೆಯುವುದಿಲ್ಲ. ಒಳ್ಳೆಯ ಸುದ್ದಿಯಾದರೂ ಕೆಟ್ಟ ಸುದ್ದಿಯಾದರೂ ಮನಸ್ಸು ಆಚೆ ಈಚೆ ಆದರೆ ಕಣ್ಣು ತಪ್ಪುತ್ತದೆ ಎನ್ನುವ ನಿಮ್ಮ ವ್ರತ ನನಗೆ ಗೊತ್ತಿಲ್ಲವೇ.

ಫೋನ್ ಇರುವಾಗ ತಂದೆ ಮಗಳಿಗೆ ಇದೇನು ಹುಚ್ಚು ಎಂದು ಅವ್ವ ನಗುತ್ತಾಳೆ. ವಸತಿಶಾಲೆಯಲ್ಲಿ ಫೋನ್ ಕೊಡುತ್ತಿರಲಿಲ್ಲ, ಭಾನುವಾರಕ್ಕೊಂದು ಕಾಗದ ಬರೆದು ನಮಗಿಬ್ಬರಿಗೂ ಚಟ ಹತ್ತಿತು. ಈಗ ಫೋನಿನಲ್ಲಿ ನೀವು ಊಟ ಆಯಿತೇ ಎನ್ನುತ್ತೀರಿ, ನಾನು ಆಯಿತು ಎನ್ನುತ್ತೇನೆ, ಅಲ್ಲಿಗೆ ಮಾತು ಖಾಲಿ.

ಸಿಇಟಿ ಫಲಿತಾಂಶ ಬಂತು. ನನ್ನ ರ್‍ಯಾಂಕ್ ತಲೆಯ ಮೇಲೆ ಹೊತ್ತು ಕುಣಿಯುವಂಥದ್ದಲ್ಲ, ತಲೆ ತಗ್ಗಿಸುವಂಥದ್ದೂ ಅಲ್ಲ. ದೇವಾನಂದ ಮಾಮಾ ಕಲಬುರಗಿಯ ಗಾಜಿಪುರದಿಂದ ಬೆಳಿಗ್ಗೆಯೇ ಬಂದು ಕೂತು, ಕಂಪ್ಯೂಟರ್ ಬ್ರಾಂಚನ್ನೇ ಬರೆಯಬೇಕು ಎಂದು ಅವ್ವನ ಕಿವಿ ತುಂಬಿ ಹೋಗಿದ್ದಾರೆ. ನಾನು ಸೆರಾಮಿಕ್ ಎಂದೆ. ಮಾಮಾ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಗಡಿಗಿ ಸುಡೋದಕ್ಕ ಇಂಜಿನಿಯರಿಂಗ್ ಓದಬೇಕೇನ ಹುಚ್ಚಿ?" ಎಂದರು. ಸಿಮೆಂಟು, ನೆಲದ ಟೈಲ್ಸ್, ಉಕ್ಕು ಕರಗಿಸುವ ಕುಲುಮೆಯ ಒಳಗೋಡೆ, ಮುರಿದ ಸೊಂಟಕ್ಕೆ ಹಾಕುವ ಗುಂಡು ಎಲ್ಲವೂ ಅದೇ ಓದು ಎಂದು ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ನನಗೆ ಈ ಹುಚ್ಚು ಹಿಡಿಸಿದವರು ನೀವೇ. ನಾನು ಐದನೆಯ ತರಗತಿಯಲ್ಲಿದ್ದಾಗ ಭಟ್ಟಿಯ ಕಾವು ಅಳೆಯುವ ಮೀಟರ್ ಇನ್ನೂ ಸುಡಬೇಕು ಎಂದಿತ್ತು, ನೀವು ಕಿಂಡಿಯಲ್ಲಿ ಇಣುಕಿ ಸಾಕು ಎಂದಿದ್ದಿರಿ. ಆಮೇಲೆ ನೋಡಿದರೆ ಮೀಟರಿನ ತಂತಿಯೇ ಸುಟ್ಟು ಹೋಗಿತ್ತು. ಅಂದೇ ಭಟ್ಟಿಯ ಮಾಲೀಕ ಸೂಗಪ್ಪ ಸಾವಕಾರರು ಮೀಟರನ್ನು ಬಿಚ್ಚಿ ಆಫೀಸಿನ ಗೋಡೆಗೆ ನೇತುಹಾಕಿದರು, ದಸರೆಗೆ ಅದಕ್ಕೆ ಕುಂಕುಮ ಮಾತ್ರ ಹಚ್ಚುತ್ತಾರೆ. ಬೆಂಕಿಗೆ ಐದು ಬಣ್ಣ ಎಂದು ನೀವು ಕಲಿಸಿದ್ದು ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂತು. ಕೆಂಪು ಬಾಳೆ, ಕುಂಬಳ, ಅರಿಶಿನ, ಬೆಣ್ಣೆ, ಹಾಲು. ಬೆಣ್ಣೆಗೆ ನಿಲ್ಲಿಸಬೇಕು, ಹಾಲಿಗೆ ಹೋದರೆ ಭಟ್ಟಿಯ ಗುಮ್ಮಟವೇ ಮೆತ್ತಗಾಗಿ ಕುಸಿಯುತ್ತದೆ.

ನಿಮ್ಮ ಕಣ್ಣನ್ನು ನಂಬಿ ಈ ಬ್ರಾಂಚ್ ಬರೆಯಬೇಕೆಂದಿದ್ದೇನೆ. ನೀವು ಹೂಂ ಎಂದರೆ ಮಾಮಾನ ಬಾಯಿ ನಾನು ಮುಚ್ಚಿಸುತ್ತೇನೆ. ಅವ್ವ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಳಿಸಿದ್ದಾಳೆ.

ನಿಮ್ಮ ಮಗಳು,
ಭುವನಾ

*

ಕಪನೂರ
ಜೂನ್ 2, 2025

ಚಿರಂಜೀವಿ ಭುವನಾಳಿಗೆ ಅಪ್ಪ ಮಾಳಿಂಗಪ್ಪನ ಆಶೀರ್ವಾದ.

ಕಡ್ಡಿ ಗೀರುವ ಮುಂಜಾನೆ ನಿನ್ನ ಕಾಗದ ಬಂತು. ಓದಿಯೇ ಗೀರಿದೆ. ನಿನ್ನೆ ಬೆಂಕಿ ನಿಲ್ಲಿಸಿದೆವು, ಈಗ ಮೈ ತೊಳೆದುಕೊಂಡು ಉತ್ತರ ಬರೆಯುತ್ತಿದ್ದೇನೆ.

ಹೂಂ. ಒಂದು ಸಲ ಅಲ್ಲ, ನೂರು ಸಲ ಹೂಂ. ಮಾಳಿಂಗಪ್ಪನ ಮಗಳು ಬೆಂಕಿಯ ಓದು ಓದುತ್ತಾಳೆ ಎಂದು ಸಾವಕಾರರಿಗೆ ಹೇಳಿದೆ. ಅವರು ಚಹಾ ತರಿಸಿ, ಓದು ಮುಗಿಸಿ ಬಂದರೆ ಆಫೀಸಿನಲ್ಲಿ ಕುರ್ಚಿ ಹಾಕಿಸಿ ಕೊಡುತ್ತೇನೆ ಎಂದರು. ಕಾಮ್ರಾನನಿಗಂತೂ ತನ್ನ ತಂಗಿಯೇ ಓದಲು ಹೊರಟಷ್ಟು ಖುಷಿ. ಅವನು ನನ್ನ ಕೈಕೆಳಗೆ ಬಂದು ಮೂರು ವರ್ಷವಾಯಿತು. ಮೊದಲು ಬಣ್ಣ ಹೇಳಲು ಬರುತ್ತಿರಲಿಲ್ಲ, ಬೈದು ಬೈದು ತಿದ್ದಿದ್ದೇನೆ. ನನ್ನನ್ನು ಉಸ್ತಾದ್ ಎನ್ನುತ್ತಾನೆ, ನಾನು ಬೇಡ ಎಂದರೂ ಬಿಡುವುದಿಲ್ಲ. ಹೋದ ತಿಂಗಳು ಅವನಿಗೆ ಹೆಣ್ಣು ಕೂಸು ಹುಟ್ಟಿದೆ.

ಈ ಸಲದ ಬೆಂಕಿ ನನ್ನನ್ನು ಬಹಳ ಕಾಡಿತು. ಕಲ್ಲಿದ್ದಲು ಮೊದಲಿನಂತಿಲ್ಲ. ಎಷ್ಟು ಹಾಕಿದರೂ ಬೆಣ್ಣೆ ಬಣ್ಣಕ್ಕೆ ಬರಲೊಲ್ಲದು, ಅರಿಶಿನದಲ್ಲೇ ಹಟ ಹಿಡಿದು ನಿಲ್ಲುತ್ತದೆ. ಮೊದಲಿಗಿಂತ ಒಂದು ದಿನ ಹೆಚ್ಚು ಉರಿಸಬೇಕಾಯಿತು. ಗುಮ್ಮಟದ ಮೇಲೆ ಬಿರುಕುಗಳೂ ಹೆಚ್ಚಾಗಿವೆ. ಕಾಮ್ರಾನ್ ಮೇಲೆ ಹತ್ತಿ ಮಣ್ಣು ಮೆತ್ತುತ್ತಾನೆ, ನನಗೆ ಈಗ ಏಣಿ ಹತ್ತಲು ಬೇಸರ.

ನಿನ್ನ ಅವ್ವನಿಗೆ ಎರಡು ಮಾತು ಹೇಳು. ಬಾಳೆಹಣ್ಣು ಕರ್ರಗಾಗಿದ್ದವು, ಇಂಥವನ್ನು ಯಾಕೆ ಕಳಿಸಿದಳು? ಕಾಮ್ರಾನ್ ಚೆನ್ನಾಗಿವೆ ಎಂದು ಎಲ್ಲವನ್ನೂ ತಿಂದ, ಅವನ ಹೊಟ್ಟೆಗೆ ಏನಾದರೂ ಆಗುತ್ತದೆ. ಇನ್ನೊಂದು, ನನ್ನ ಹೊಸ ಧೋತರ ಎರಡೇ ಒಗೆತಕ್ಕೆ ಹಳದಿ ತಿರುಗಿದೆ. ರಾಮಣ್ಣನ ಕೈಯಲ್ಲಿ ಕಳಿಸಿದ್ದೇನೆ, ಸೋಡಾ ಹಾಕಿ ಒಗೆಯಲು ಹೇಳು.

ಮುಂದಿನ ಬೆಂಕಿಯ ಕೊನೆಗೆ ನೀನು ಬಾ. ಕಿಂಡಿಯ ಮುಂದೆ ನಿಲ್ಲಿಸಿ ತೋರಿಸುತ್ತೇನೆ. ಕಾಲೇಜಿಗೆ ಹೋಗುವ ಮೊದಲು ಬೆಂಕಿಯ ಗುರುತು ಇರಬೇಕು.

ಇಂತಿ ನಿನ್ನ ಅಪ್ಪ,
ಮಾಳಿಂಗಪ್ಪ

*

ಕಮಲಾಪುರ
ಜೂನ್ 28, 2025

ಅಪ್ಪನಿಗೆ ನಮಸ್ಕಾರಗಳು.

ಮನೆ ಸೇರಿದೆ. ಕಪನೂರದ ಹೊಗೆ ಇನ್ನೂ ನನ್ನ ಜಡೆಯಲ್ಲಿದೆ, ಅವ್ವ ಹತ್ತಿರ ಸೇರಿಸುತ್ತಿಲ್ಲ.

ಕಿಂಡಿಯ ಮುಂದೆ ನಿಂತದ್ದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಬೆಂಕಿ ನೋಡುವ ನೀಲಿ ಗಾಜು ಬೇಡ, ಬರಿಗಣ್ಣಿನಿಂದ ಕ್ಷಣಮಾತ್ರ ನೋಡಿ ಹಿಂದೆ ಸರಿ ಎಂದಿರಿ. ಯಾವ ಬಣ್ಣ ಎಂದು ಕೇಳಿದಿರಿ. ನಾನು ಬೆಣ್ಣೆ ಎಂದೆ. ನೀವು ಕಾಮ್ರಾನನ ಕಡೆ ನೋಡಿ ನಕ್ಕಿರಿ. "ಏನ ನೋಡ್ತಿ? ಅದು ಇನ್ನಾ ಅರಿಶಿಣ ಅದ. ಬೆಣ್ಣಿ ಬರಾಕ ನಾಳೆ ಸಂಜಿ ಆಗ್ತದ." ಕಾಮ್ರಾನನೂ ಅರಿಶಿನವೇ ಎಂದ. ನನಗೆ ನಾಚಿಕೆಯಾಯಿತು. ಮತ್ತೆ ಮತ್ತೆ ನೋಡಿ, ಇದೇ ಅರಿಶಿನ, ಇದೇ ಅರಿಶಿನ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಹೊರಡುವಷ್ಟರಲ್ಲಿ ನನಗೂ ಅದು ಅರಿಶಿನವಾಗಿ ಕಾಣತೊಡಗಿತ್ತು.

ಆದರೆ ಅಪ್ಪ, ಅಂಗಳದಲ್ಲಿ ಹೋದ ಸಲದ ಇಟ್ಟಿಗೆ ಒಟ್ಟಿದ್ದರಲ್ಲ, ಅವುಗಳಲ್ಲಿ ಎಷ್ಟೋ ಒಂದಕ್ಕೊಂದು ಅಂಟಿದ್ದವು. ಅಂಚು ಕರಗಿ ಬೆಲ್ಲದಂತಾಗಿತ್ತು. ನಾನು ಸಣ್ಣವಳಿದ್ದಾಗ ಹೀಗೆ ನೋಡಿದ ನೆನಪಿಲ್ಲ. ಸಾವಕಾರರನ್ನು ಕೇಳಿದರೆ ಕಲ್ಲಿದ್ದಲಿನ ದೋಷ ಎಂದರು. ಗೋಡೆಯ ಮೇಲಿನ ಮೀಟರ್ ಕೆಳಗಿಳಿಸಿ ಹೊಸ ತಂತಿ ಹಾಕಬಾರದೇ ಎಂದು ಕೇಳಿದೆ. "ಮೀಟರ್ ಸುಳ್ಳ ಹೇಳ್ತದ ತಂಗಿ, ನಿಮ್ಮಪ್ಪ ಹೇಳಂಗಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು. ಹೆಮ್ಮೆಯಾಗಬೇಕಿತ್ತು. ಆದರೆ ಆ ಅಂಟಿದ ಇಟ್ಟಿಗೆಗಳ ಹತ್ತಿರ ಮತ್ತೊಮ್ಮೆ ಹೋಗಿ ನಿಂತೆ.

ಬರುವಾಗ ಮಾಮಾನ ಜೊತೆ ಕಾಲೇಜು ನೋಡಿಕೊಂಡು ಬಂದೆ. ಅಲ್ಲಿಯ ಒಬ್ಬ ಮೇಷ್ಟ್ರು ಮಣ್ಣಿನ ಪುಟ್ಟ ಕೋನುಗಳನ್ನು ತೋರಿಸಿದರು. ಇಂತಿಷ್ಟು ಕಾವಿಗೆ ಇಂಥ ಕೋನು ತಲೆ ಬಾಗಿಸುತ್ತದಂತೆ. ಭಟ್ಟಿಯ ಒಳಗೆ ಕಿಂಡಿಗೆ ಕಾಣುವಂತೆ ಇಟ್ಟರೆ ಸಾಕು. ಬೇಕಾದರೆ ಕೊಡುತ್ತೇನೆ ಎಂದರು. ಒಂದು ಸಲ ಇಟ್ಟು ನೋಡೋಣವೇ?

ಬಾಳೆಹಣ್ಣಿನ ವಿಷಯಕ್ಕೆ ಅವ್ವ ಸಿಟ್ಟಾಗಿದ್ದಾಳೆ. ತಾನೇ ತೋಟಕ್ಕೆ ಹೋಗಿ ಕೆಂಪಗೆ ಹೊಳೆಯುವ ಚಿಪ್ಪನ್ನೇ ಆರಿಸಿ ತಂದದ್ದು ಎನ್ನುತ್ತಾಳೆ. ಕರ್ರಗಾಗಿರಲು ಸಾಧ್ಯವಿಲ್ಲ ಎಂದು ನಾನೂ ಹೇಳುತ್ತೇನೆ.

ನಿಮ್ಮ ಮಗಳು,
ಭುವನಾ

*

ಕಪನೂರ
ಜುಲೈ 2, 2025

ಚಿ. ಭುವನಾಳಿಗೆ ಆಶೀರ್ವಾದ.

ಕೋನು ನಿನ್ನ ಕಾಲೇಜಿನಲ್ಲೇ ಇರಲಿ. ಈ ಭಟ್ಟಿ ಕಟ್ಟಿದ ದಿನದಿಂದ ನಾನು ಇದರ ಮುಂದೆ ನಿಂತಿದ್ದೇನೆ. ಇನ್ನೂ ಒಂದು ದಿನ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗಿ ನನಗೆ ಮಣ್ಣಿನ ಕೋನು ಇಡಲು ಹೇಳುವುದು ನನಗೆ ಸೇರಲಿಲ್ಲ. ಸಾವಕಾರರ ಮುಂದೆ ಮೀಟರಿನ ಮಾತು ಎತ್ತಬಾರದಿತ್ತು. ಅವರು ನಕ್ಕರು, ಆದರೆ ನೀನು ಹೋದ ಮೇಲೆ ಆ ಮೀಟರಿನ ಕಡೆ ಒಂದು ಸಲ ನೋಡಿದರು. ನಾನು ಗಮನಿಸಿದೆ.

ಬಾಳೆಹಣ್ಣಿನ ಮಾತು ಬಿಡು. ಕರ್ರಗಿದ್ದರೆ ಕರ್ರಗಿದ್ದವು.

ಸಾಲು ಸೊಟ್ಟ ಹೋಗಿದ್ದರೆ ಬೇಸರಿಸಬೇಡ. ಈ ಕೋಣೆಯ ಬಲ್ಬು ಹಳತಾಗಿದೆ, ಬೆಳಕು ಸಾಲದು.

ಅಪ್ಪ

*

ಕಮಲಾಪುರ
ಜುಲೈ 9, 2025

ಅಪ್ಪನಿಗೆ ನಮಸ್ಕಾರಗಳು.

ಇದನ್ನು ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಪ್ಪ, ನಿಮ್ಮ ಕಣ್ಣಿಗೆ ಪೊರೆ ಬಂದಿದೆ.

ಪಕ್ಕದ ಮನೆಯ ಅಕ್ಬರಿ ಬೇಗಂ ಖಾಲಾ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದಾರೆ, ಮಾತನಾಡಿಸಲು ಹೋಗಿದ್ದೆ. ಹೊಲಿಗೆ ಯಂತ್ರದ ಮೇಲೆ ಒಂದು ಬಿಳಿ ಕುರ್ತಾ ಬಿದ್ದಿತ್ತು, ಅದಕ್ಕೆ ಹಳದಿ ದಾರದ ಹೊಲಿಗೆ. ಖಾಲಾ ತಾವೇ ನಗುತ್ತಾ ತೋರಿಸಿದರು. "ಆಪರೇಷನ್ ಮುಂದ ಬಿಳಿ ದಾರ, ಹಳದಿ ದಾರ ನನಗ ಒಂದೇ ಕಾಣತಿದ್ದವು ಬೇಟಿ. ಗಿರಾಕಿ ಜೋಡಿ ಜಗಳಾನೂ ಮಾಡೀನಿ." ನನಗೆ ನಗು ಬರಲಿಲ್ಲ. ನಿಮ್ಮ ಧೋತರ ನೆನಪಾಯಿತು. ಅದು ಬೆಳ್ಳಗೇ ಇದೆ. ನಿಮಗೆ ಕಪ್ಪಾಗಿ ಕಂಡ ಬಾಳೆಹಣ್ಣು ಕೆಂಪಗೇ ಇದ್ದವು. ನೀವು ಏಣಿ ಹತ್ತುವುದನ್ನು ಬಿಟ್ಟದ್ದು ಬೇಸರಕ್ಕಲ್ಲ.

ಬೆಂಕಿಯ ಮುಂದೆ ದುಡಿದವರಿಗೆ ಇದು ಬೇಗ ಬರುತ್ತದೆಯಂತೆ. ಬಂದದ್ದಕ್ಕೆ ನನಗೆ ಭಯವಿಲ್ಲ. ಭಯ ಬೇರೆಯದಕ್ಕೆ. ನಿಮ್ಮ ಕಣ್ಣಿಗೆ ಬೆಂಕಿ ಇರುವುದಕ್ಕಿಂತ ಒಂದು ಮೆಟ್ಟಿಲು ತಣ್ಣಗೆ ಕಾಣುತ್ತಿದೆ. ಬೆಣ್ಣೆ ಬಂದಾಗ ನಿಮಗೆ ಅರಿಶಿನ. ನಿಮಗೆ ಬೆಣ್ಣೆ ಕಾಣುವ ಹೊತ್ತಿಗೆ ಒಳಗೆ ಹಾಲಾಗಿರುತ್ತದೆ. ಹಾಲಾದರೆ ಗುಮ್ಮಟ ಉಳಿಯುವುದಿಲ್ಲ ಎಂದವರು ನೀವೇ. ಕಲ್ಲಿದ್ದಲಿಗೆ ಏನೂ ಆಗಿಲ್ಲ ಅಪ್ಪ. ಇಟ್ಟಿಗೆ ಅಂಟಿದ್ದು, ಬಿರುಕು ಬಿಟ್ಟದ್ದು ಎಲ್ಲಾ ಇದಕ್ಕೇ. ಅಂಥ ಗುಮ್ಮಟದ ಮೇಲೆ ಕಾಮ್ರಾನ್ ಅಣ್ಣ ಮಣ್ಣಿನ ಬುಟ್ಟಿ ಹಿಡಿದು ಓಡಾಡುತ್ತಾನೆ.

ನಿಮಗೆ ಬೇಕಾದರೆ ಇದನ್ನು ಬೆದರಿಕೆ ಎನ್ನಿ. ಬ್ರಾಂಚ್ ಆರಿಸಿ ಬರೆಯುವ ಆಪ್ಷನ್ ಎಂಟ್ರಿ ಈ ತಿಂಗಳಲ್ಲೇ ಇದೆ. ನೀವು ಕಣ್ಣು ತೋರಿಸಿಕೊಳ್ಳುತ್ತೇನೆ ಎಂದು ಬರೆದರೆ ಸೆರಾಮಿಕ್ಕನ್ನು ಮೊದಲು ಬರೆಯುತ್ತೇನೆ. ಇಲ್ಲವಾದರೆ ಮಾಮಾ ಹೇಳಿದಂತೆ ಕಂಪ್ಯೂಟರ್ ಬರೆದು, ಬೆಂಕಿಯ ಮಾತನ್ನೇ ಎತ್ತದೆ ಇದ್ದುಬಿಡುತ್ತೇನೆ.

ರಾಮಣ್ಣ ಈಗ ಬಂದು, ನೀವು ನಿನ್ನೆಯೇ ಕಡ್ಡಿ ಗೀರಿದಿರಿ ಎಂದು ಹೇಳಿದ. ಫೋನೂ ಬಂದ್ ಆಗಿದೆ. ಆದರೂ ಕಳಿಸುತ್ತಿದ್ದೇನೆ. ಸಾವಕಾರರಿಗೆ ಫೋನ್ ಮಾಡಬೇಕೆಂದು ನಂಬರ್ ಒತ್ತಿ, ಮತ್ತೆ ಇಟ್ಟೆ. ಅವರಿಗೆ ಹೇಳಿದರೆ ನಿಮ್ಮ ಕೆಲಸ ಅಂದೇ ಮುಗಿಯುತ್ತದೆ. ನೀವೇ ಒಡೆದು ಓದಿ, ವ್ರತ ಮುರಿದರೂ ಸರಿ.

ನಿಮ್ಮ
ಭುವನಾ

*

ಕಪನೂರ
ಜುಲೈ 20, 2025

ಮಗಳೇ,

ರಾಮಣ್ಣ ಕಾಗದ ಕೊಟ್ಟಾಗ ಬೆಂಕಿ ಅರಿಶಿನಕ್ಕೆ ಬಂದಿತ್ತು. ಒಡೆಯಲಿಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೆಂಕಿ ನೋಡಿದೆ. ನಿಲ್ಲಿಸಿದ ಮೇಲೆ ಓದಿದೆ. ಭಟ್ಟಿ ತಣ್ಣಗಾದ ಮೇಲೆ ಒಳಗೆ ಹೊಕ್ಕು ಗುಮ್ಮಟವನ್ನು ಕೈಯಿಂದ ಮುಟ್ಟಿ ನೋಡಿದೆ. ಮೂಡಣ ಬದಿ ಒಂದು ಗೇಣು ಕೆಳಗೆ ಬಂದಿದೆ. ಅದು ಕಣ್ಣಿಗೆ ಕಾಣಲಿಲ್ಲ, ಕೈಗೆ ಸಿಕ್ಕಿತು.

ನನಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡ. ಹೊಗೆ ಎಂದುಕೊಂಡೆ, ವಯಸ್ಸು ಎಂದುಕೊಂಡೆ. ಯಾವುದು ನಿಜವೋ ಅದೊಂದನ್ನು ಬಿಟ್ಟು ಎಲ್ಲವನ್ನೂ ಅಂದುಕೊಂಡೆ.

ತೋರಿಸಿಕೊಳ್ಳುತ್ತೇನೆ. ಆದರೆ ನನ್ನದೂ ಒಂದು ಶರತ್ತು. ಕಪನೂರದಲ್ಲಿ ಯಾರಿಗೂ ಇದು ತಿಳಿಯಕೂಡದು. ಸಾವಕಾರರಿಗೆ ಬೇಡ, ಕಾಮ್ರಾನನಿಗಂತೂ ಬೇಡವೇ ಬೇಡ. ಮನೆದೇವರ ಹರಕೆ ಇದೆ ಎಂದು ರಜೆ ಕೇಳುತ್ತೇನೆ. ಇಲ್ಲಿ ನನಗೆ ಇರುವುದು ಈ ಎರಡು ಕಣ್ಣಿನ ಹೆಸರು ಮಾತ್ರ. ಅದು ಹೋದರೆ ಮಾಳಿಂಗಪ್ಪ ಕಲ್ಲಿದ್ದಲು ಹೊರುವವನು, ಅದಕ್ಕೂ ವಯಸ್ಸು ಮೀರಿದವನು. ನಿನ್ನ ಅವ್ವನ ಆಣೆ ಹಾಕಿ ಬರೆ, ಹೇಳುವುದಿಲ್ಲ ಎಂದು.

ನಾನು ಬರುವವರೆಗೆ ಭಟ್ಟಿ ಹೊತ್ತಿಸಬೇಡಿ, ನಾನೇ ಬಂದು ಗುಮ್ಮಟ ಬಿಚ್ಚಿ ಕಟ್ಟಿಸುತ್ತೇನೆ ಎಂದು ಹೇಳಿ ಹೊರಡುತ್ತೇನೆ. ಹೊಸ ಕಣ್ಣಿನಿಂದ ಎಲ್ಲಾ ಸರಿಮಾಡುತ್ತೇನೆ.

ಸೆರಾಮಿಕ್ಕನ್ನೇ ಮೊದಲು ಬರೆ.

ಅಪ್ಪ

*

ಕಮಲಾಪುರ
ಆಗಸ್ಟ್ 12, 2025

ಅಪ್ಪನಿಗೆ ನಮಸ್ಕಾರಗಳು.

ಸೀಟು ಸಿಕ್ಕಿತು. ಸೆರಾಮಿಕ್ಕೇ. ಮಾಮಾ ಒಂದು ಹೊತ್ತು ಮಾತು ಬಿಟ್ಟು, ಆಮೇಲೆ ತಮ್ಮ ಮನೆಯಲ್ಲೇ ಇದ್ದು ಓದಬೇಕು ಎಂದು ಅಪ್ಪಣೆ ಮಾಡಿದರು. ಮುಂದಿನ ತಿಂಗಳು ಗಾಜಿಪುರಕ್ಕೆ ಹೋಗುತ್ತೇನೆ. ನೀವು ಹರಕೆ ಎಂದು ಹೇಳಿ ಇಲ್ಲಿಗೆ ಬರುವ ದಿನ ನಾನು ಇಲ್ಲೇ ಇರುತ್ತೇನೆ, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಅವ್ವನ ಆಣೆ, ನಾನು ಯಾರಿಗೂ ಹೇಳುವುದಿಲ್ಲ.

ಗುಮ್ಮಟ ಒಂದು ಗೇಣು ಇಳಿದದ್ದನ್ನು ಸಾವಕಾರರಿಗೆ ತೋರಿಸಿದಿರೋ ಇಲ್ಲವೋ ನೀವು ಬರೆದಿಲ್ಲ. ಕೇಳಿದರೆ ಮತ್ತೆ ಸಿಟ್ಟಾಗುತ್ತೀರಿ ಎಂದು ನಾನೂ ಫೋನಿನಲ್ಲಿ ಕೇಳಲಿಲ್ಲ.

ಭುವನಾ

*

ಕಮಲಾಪುರ
ಸೆಪ್ಟೆಂಬರ್ 14, 2025

ಚಿ. ಭುವನಾಳಿಗೆ ಅಪ್ಪನ ಆಶೀರ್ವಾದ.

ನೀನು ಗಾಜಿಪುರದಲ್ಲಿ, ನಾನು ಕಮಲಾಪುರದಲ್ಲಿ. ಈಗ ನಾನು ಮನೆಯಲ್ಲಿ ಕೂತು ಬರೆಯುವವನು, ನೀನು ಊರು ಬಿಟ್ಟವಳು.

ನಿನ್ನೆ ಡಾಕ್ಟರು ನೋಡಿ ಬಲಗಣ್ಣು ಚೆನ್ನಾಗಿ ಕೂತಿದೆ ಎಂದರು. ಒಂದು ತಿಂಗಳು ಹೊಗೆ, ಕಾವು ಎರಡೂ ದೂರ. ಮಗಳೇ, ಏನು ಹೇಳಲಿ. ಬಾಳೆಹಣ್ಣು ಕೆಂಪು. ಇಷ್ಟು ಕೆಂಪು ಎಂಬುದು ನನಗೆ ಮರೆತೇ ಹೋಗಿತ್ತು. ಧೋತರ ಬೆಳ್ಳಗಿದೆ, ನಿನ್ನ ಅವ್ವನಿಗೆ ತಪ್ಪಾಯಿತು ಎಂದೆ. ಅವಳ ತಲೆಯೂ ಬೆಳ್ಳಗಾಗಿದೆ. ಯಾವಾಗ ಆಯಿತು ಎಂದು ಕೇಳಿದರೆ ನಾಲ್ಕು ವರ್ಷವಾಯಿತು ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅಂದರೆ ಅಷ್ಟು ವರ್ಷ ನಾನು ನೋಡಿದ್ದೆಲ್ಲಾ ಅರಿಶಿನ ನೀರಿನಲ್ಲಿ ಅದ್ದಿದ ಲೋಕ. ಎಡಗಣ್ಣು ಮುಚ್ಚಿದರೆ ಹೊಸದು, ಬಲಗಣ್ಣು ಮುಚ್ಚಿದರೆ ಹಳೆಯದು. ಸಣ್ಣ ಮಕ್ಕಳಂತೆ ದಿನವಿಡೀ ಇದೇ ಆಟ ಆಡುತ್ತಿದ್ದೇನೆ.

ಸಾವಕಾರರ ಫೋನ್ ಬಂದಿತ್ತು. ದೊಡ್ಡ ಆರ್ಡರ್ ಬಂದಿದೆಯಂತೆ, ಕಾಯಲು ಆಗುವುದಿಲ್ಲವಂತೆ. ಶುಕ್ರವಾರವೇ ಕಾಮ್ರಾನನ ಕೈಯಿಂದ ಭಟ್ಟಿ ಹೊತ್ತಿಸಿದ್ದಾರೆ. ಗುಮ್ಮಟದ ಮಾತು ಎತ್ತಿದೆ. ಕಾಮ್ರಾನ್ ಒಳಗಿನಿಂದ ಮಣ್ಣು ಮೆತ್ತಿ ಗಟ್ಟಿ ಮಾಡಿದ್ದಾನೆ ಎಂದರು. ನನಗೆ ಪೂರ್ತಿ ಸಮಾಧಾನವಿಲ್ಲ. ಆದರೂ ಸರಿಯಾಗಿ ಬೆಣ್ಣೆಗೆ ನಿಲ್ಲಿಸಿದರೆ ಒಂದು ಸಲಕ್ಕೆ ತಡೆಯುತ್ತದೆ. ಕಾಮ್ರಾನನ ಬಗ್ಗೆ ನನಗೆ ಚಿಂತೆಯಿಲ್ಲ. ಅವನ ಕಣ್ಣು ಎಳೆಯದು, ಪೊರೆಯಿಲ್ಲ. ನಾನು ಏನು ನೋಡುತ್ತೇನೋ ಅವನೂ ಅದನ್ನೇ ನೋಡುತ್ತಾನೆ. ಹೋದ ಬೆಂಕಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಪ್ರತಿ ಸಲ ನನ್ನ ಬಣ್ಣವನ್ನೇ ಹೇಳಿದ. ಒಂದು ಸಲವೂ ತಪ್ಪಲಿಲ್ಲ.

ಈ ಕಾಗದ ರಾಮಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಹಣ್ಣುಗಳಿವೆ. ಈ ಸಲ ನಾನೇ ಆರಿಸಿದ್ದು.

ಇಂತಿ ನಿನ್ನ ಅಪ್ಪ,
ಮಾಳಿಂಗಪ್ಪ

*

ಗಾಜಿಪುರ, ಕಲಬುರಗಿ
ಸೆಪ್ಟೆಂಬರ್ 19, 2025

ಅಪ್ಪನಿಗೆ,

ಸುದ್ದಿ ನಿಮಗೆ ಫೋನಿನಲ್ಲಿ ಮುಟ್ಟಿದೆ. ಆದರೂ ನಾನು ಏನು ಮಾಡಿದೆ ಎಂಬುದನ್ನು ನಾನೇ ಹೇಳಬೇಕು.

ನಿಮ್ಮ ಕಾಗದ ಮಂಗಳವಾರ ಮಧ್ಯಾಹ್ನ ಬಂತು. ಅವ್ವನ ತಲೆ ಬೆಳ್ಳಗಾದ ಮಾತಿಗೆ ನಗುತ್ತಾ ಓದಿದೆ. ಮುಂದಿನ ಸಾಲಿಗೆ ಬಂದಾಗ ನಗು ನಿಂತಿತು. ಕಾಮ್ರಾನ್ ಅಣ್ಣ ನಿಮ್ಮ ಹತ್ತಿರ ಬಂದು ಮೂರು ವರ್ಷ. ನಿಮ್ಮ ಕಣ್ಣು ಹಳದಿಯಾಗಿ ಅದಕ್ಕಿಂತ ಹೆಚ್ಚು. ಅವನು ಮೊದಮೊದಲು ತಪ್ಪು ಹೇಳುತ್ತಿದ್ದ, ಬೈದು ತಿದ್ದಿದೆ ಎಂದು ನೀವೇ ಬರೆದಿದ್ದಿರಿ. ಅವನು ತಪ್ಪು ಹೇಳುತ್ತಿರಲಿಲ್ಲ ಅಪ್ಪ.

ಮಾಮಾ ಆಫೀಸಿನಲ್ಲಿದ್ದರು. ಕಾಮ್ರಾನ್ ಅಣ್ಣನ ಫೋನ್ ಬಂದ್ ಆಗಿತ್ತು, ನಿಮ್ಮ ಹಾಗೆಯೇ ಟ್ರಂಕಿನಲ್ಲಿ ಇಟ್ಟಿರಬೇಕು. ಸಾವಕಾರರು ಎತ್ತಲಿಲ್ಲ. ನಿಮಗೆ ಮಾಡಿದರೆ ಆಣೆ ನೆನಪಿಸುತ್ತೀರಿ ಎಂದು ಮಾಡಲಿಲ್ಲ. ಆಟೋ ಹಿಡಿದು ಕಪನೂರಕ್ಕೆ ಹೋದೆ. ಅವನು ಗುಮ್ಮಟದ ಮೇಲೆ ಕೂತು ಬಿರುಕಿಗೆ ಮಣ್ಣು ಮೆತ್ತುತ್ತಿದ್ದ. ನನ್ನನ್ನು ಕಂಡು ಸಂತೋಷದಿಂದ ಇಳಿದು ಬಂದು, ಇಂಜಿನಿಯರ್ ಬಂದರು ಎಂದು ಕಿಂಡಿಯ ಮುಚ್ಚಳ ಸರಿಸಿ ಕೊಟ್ಟ. ನಾನು ನೋಡಿದೆ.

ಇದನ್ನು ನಿಮಗೆ ಹೇಗೆ ಬರೆಯಲಿ. ನನ್ನ ಕಣ್ಣಿಗೆ ಏನೂ ಆಗಿಲ್ಲ. ಆದರೂ ಬಾಯಿಗೆ ಬಂದ ಮಾತು ಬೆಣ್ಣೆ. ಜೂನಿನಲ್ಲಿ ಅಷ್ಟು ಹೊತ್ತು ನಿಂತು ಕಲಿತದ್ದು ಅದೇ. ಕಣ್ಣು ಮುಚ್ಚಿ, ನಿಮ್ಮನ್ನು ಮರೆತು, ಮತ್ತೆ ತೆರೆದೆ. ಹಾಲು. ಬರೀ ಹಾಲು, ಒಳಗಿನ ಇಟ್ಟಿಗೆಯ ಸಾಲು ಕೂಡ ಬೇರೆಯಾಗಿ ಕಾಣುತ್ತಿರಲಿಲ್ಲ.

ಬೆಂಕಿ ನಿಲ್ಲಿಸಿ ಎಂದೆ. ಅವನು ತಲೆಯಾಡಿಸಿದ. "ಇದು ಈಗ ಬೆಣ್ಣಿ ಹತ್ಲಾಕತ್ತದ ತಂಗಿ. ಉಸ್ತಾದ್ ತೋರಿಸಿದ ಬೆಣ್ಣಿ ಇದೇ. ಇನ್ನಾ ಮೂರು ತಾಸು ಬೇಕು." ಅಷ್ಟರಲ್ಲಿ ಸಾವಕಾರರು ಬಂದರು, ಕೆಲಸದವರೆಲ್ಲಾ ಸೇರಿದರು. ನಾನು ಹಾಲು ಎಂದೆ, ಅವನು ಬೆಣ್ಣೆ ಎಂದ. ನಿನ್ನೆ ಮೊನ್ನೆ ಕಾಲೇಜು ಸೇರಿದವಳ ಮಾತನ್ನು ಯಾರು ಕೇಳುತ್ತಾರೆ. ನಿಮ್ಮಪ್ಪನನ್ನೇ ಕೇಳೋಣ ಎಂದು ಸಾವಕಾರರು ಫೋನ್ ತೆಗೆದರು. ನೀವು ಅಲ್ಲಿಂದ ಏನು ಹೇಳುತ್ತಿದ್ದಿರೋ ನನಗೆ ಗೊತ್ತಿಲ್ಲ, ಅದಕ್ಕೆ ಕಾಯುವ ಧೈರ್ಯವೂ ನನಗಿರಲಿಲ್ಲ. ಎಲ್ಲರ ಮುಂದೆ ಹೇಳಿಬಿಟ್ಟೆ.

"ನಮ್ಮಪ್ಪಗ ಕಣ್ಣ ಕಾಣತಿರಲಿಲ್ಲರಿ ಸಾವಕಾರ್ರ. ಹರಕಿಗಿ ಹೋಗಿಲ್ಲ, ಪೊರಿ ತೆಗಿಸಾಕ ಹೋಗ್ಯಾನ. ಕಾಮ್ರಾನ್ ಅಣ್ಣಗ ತಪ್ಪು ಬಣ್ಣ ಕಲಿಸ್ಯಾನ."

ಸಾವಕಾರರ ಮುಖ ಸಣ್ಣದಾಯಿತು. ಮೊದಲು ಬಾಯಿ ತೆರೆದವನು ಕಾಮ್ರಾನ್ ಅಣ್ಣ, ನಾನು ಸುಳ್ಳು ಹೇಳುತ್ತಿದ್ದೇನೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಸಾವಕಾರರು ಬೆಂಕಿ ಎಳೆಯಿರಿ ಎಂದು ಕೂಗಿದರು, ಕೆಲಸದವರು ಕಲ್ಲಿದ್ದಲು ಹೊರಗೆ ಎಳೆಯತೊಡಗಿದರು. ಅವನು ಅವರಿಗೆ ಬೆನ್ನು ತಿರುಗಿಸಿ ಏಣಿ ಹತ್ತಿದ. ಅರ್ಧ ಮೆತ್ತಿದ ಬಿರುಕು ಹಾಗೇ ಬಿಡಬಾರದು, ಉಸ್ತಾದ್ ಬಂದರೆ ಏನೆನ್ನುತ್ತಾರೆ ಎಂದ. ಇಳಿ ಅಣ್ಣಾ ಎಂದು ಕೂಗುತ್ತಲೇ ಇದ್ದೆ. ಮೂಡಣ ಬದಿ ಮೊದಲು ಕುಸಿಯಿತು. ಅವನು ಏಣಿಯ ಕಡೆ ಜಿಗಿದ, ಒಂದು ಕಾಲು ಒಳಗೆ ಸಿಕ್ಕಿತು. ನಾವು ಎಳೆದುಕೊಂಡೆವು.

ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಕಾಲು ಮೊಣಕಾಲಿನ ಕೆಳಗೆ ಉಳಿಯುವುದಿಲ್ಲ.

ಅವ್ವನ ಆಣೆ ಮುರಿದೆ. ನಿಮ್ಮ ಹೆಸರನ್ನು ನಾನೇ ಕಳೆದೆ. ಜುಲೈನಲ್ಲಿ ಸಾವಕಾರರ ನಂಬರ್ ಒತ್ತಿ ಇಡದೆ ಇದ್ದಿದ್ದರೆ ಆ ಕಾಲು ಇರುತ್ತಿತ್ತು. ಇದು ನನ್ನನ್ನು ಬಿಡುವುದಿಲ್ಲ. ಈ ಸೀಟು ಇಟ್ಟುಕೊಳ್ಳಲೇ, ಬಿಡಲೇ, ನೀವೇ ಹೇಳಿ. ನಿಮ್ಮ ಕಣ್ಣು ನಂಬಿ ಬರೆದದ್ದು.

ಭುವನಾ

*

ಕಮಲಾಪುರ
ಅಕ್ಟೋಬರ್ 3, 2025

ಚಿ. ಭುವನಾಳಿಗೆ ಆಶೀರ್ವಾದ.

ಉತ್ತರ ತಡವಾಯಿತು.

ಸೀಟು ಬಿಡಬೇಡ. ಓದು. ಕೋನು ಇಡುವುದನ್ನು ಕಲಿ, ಮೀಟರಿಗೆ ತಂತಿ ಹಾಕುವುದನ್ನು ಕಲಿ. ನಾನು ಕಲಿಸಿದ್ದನ್ನು ಮರೆತು ಓದು. ಆಣೆ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ, ಹಾಕಿಸಿದ್ದು ನನ್ನ ತಪ್ಪು. ನಂಬರ್ ಒತ್ತಿ ಇಟ್ಟವಳು ನೀನಾದರೆ, ಕೈಯಿಂದ ಮುಟ್ಟಿ ನೋಡಿಯೂ ಸುಮ್ಮನೆ ಮನೆಗೆ ಬಂದವನು ನಾನು. ಸಾವಕಾರರು ಫೋನ್ ಮಾಡಿಲ್ಲ. ಮಾಡಿದರೂ ನಾನು ಹೋಗುವುದಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಮ್ರಾನನ ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು, ನನ್ನ ಕಡೆ ನೋಡಲಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಕೂತು ಕೇಳಿಸಿಕೊಂಡು ಬರುತ್ತಿದ್ದೆ. ಎಂದಿನಂತೆ ಉಸ್ತಾದ್ ಎಂದು ಕರೆದು ಮಂಚದ ಮೇಲೆ ಜಾಗ ಮಾಡಿದ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿದ. ಕಾಣುತ್ತದೆ ಎಂದೆ. ಕಾಲಿನ ಮೇಲೆ ಹೊದೆಸಿದ್ದನ್ನು ಬೆರಳಿನಲ್ಲಿ ಹಿಡಿದು ಎತ್ತಿದ.

"ಈ ಚಾದರ ಯಾವ ಬಣ್ಣ ಅದ, ಉಸ್ತಾದ್?"

ಬಿಳಿ ಎಂದೆ. ಅದು ಬೆಳ್ಳಗೇ ಇತ್ತು, ಭುವನಾ. ಈ ಹೊಸ ಕಣ್ಣಿನ ಆಣೆಗೂ ಬೆಳ್ಳಗಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಆ ಕಡೆ ಹೋಗುತ್ತಿದ್ದ ನರ್ಸನ್ನು ಕೈ ಮಾಡಿ ಕರೆದು, ಅದೇ ಚಾದರ ತೋರಿಸಿ, ಅದನ್ನೇ ಕೇಳಿದ.

ಅಪ್ಪ